ಬುಧವಾರದ ಮಕ್ರೋನಿ

ನನ್ನ ಪಪ್ಪ ಇಪ್ಪತ್ತೆಂಟು ವರ್ಷ ಒಂದು ಬಂಗಲೆಯಲ್ಲಿ ಬಟ್ಲರ್ ಆಗಿದ್ದರು. ಬಂಗಲೆ ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯದು. ಅಲ್ಲಿ ಇರುತ್ತಿದ್ದವರು ಕಾರ್ಖಾನೆಯ ಬಿಳಿಯ ಮ್ಯಾನೇಜರುಗಳು. ದೊರೆಗಳು ಬಂದರು, ಹೋದರು, ಪಪ್ಪ ಮಾತ್ರ ಬದಲಾಗಲಿಲ್ಲ. ಅಡುಗೆ ಮಾಡುವವರೂ ಅವರೇ, ಬಿಳಿ ಕೋಟು ಹಾಕಿಕೊಂಡು ಮೇಜಿಗೆ ಬಡಿಸುವವರೂ ಅವರೇ. ಕೊನೆಗೆ ಬಂದ ದೊರೆಯ ಹೆಂಡತಿ ಇಟಲಿಯವಳು. ಆಕೆ ಬಂದ ಮೇಲೆ ಪ್ರತಿ ಬುಧವಾರದ ಊಟಕ್ಕೆ ಒಂದೇ ಅಡುಗೆ: ಹಾಲು, ಬೆಣ್ಣೆ, ಸಣ್ಣಗೆ ಕೊಚ್ಚಿದ ಬೀಫ್ ಹಾಕಿ, ಮೇಲೆ ಚೀಸ್ ಕರಗಿಸಿದ ಮಕ್ರೋನಿ. ಬುಧವಾರ ಪಪ್ಪ ಕುಲಶೇಖರದಲ್ಲಿದ್ದ ನಮ್ಮ ಮನೆಗೆ ಬರುವಾಗ ಅವರ ಅಂಗಿಯಲ್ಲಿ ಆ ವಾಸನೆ ಇರುತ್ತಿತ್ತು. ನಾನು ಅಂಗಿಯನ್ನು ಒಗೆಯಲು ಹಾಕುವ ನೆಪದಲ್ಲಿ ಮೂಸುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆ ಇಲ್ಲ, ನನಗೆ ಆಗ ಹತ್ತು ವರ್ಷ.

"ಪಪ್ಪಾ, ನಮಗೂ ಒಮ್ಮೆ ಮಾಡಿ" ಎಂದು ನಾನು ಎಷ್ಟು ಸಲ ಕೇಳಿದ್ದೆನೋ. ನಮ್ಮ ಮನೆಮಾತು ಕೊಂಕಣಿ. ಅಮ್ಮನನ್ನು ಕರೆಯುವ ಮಾಂಯ್ ಒಂದನ್ನು ಬಿಟ್ಟರೆ ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವರ ಉತ್ತರ ಪ್ರತಿ ಸಲವೂ ಒಂದೇ.

"ಅದು ಮೇಜಿನ ಅಡುಗೆ ಮಗಾ. ನೆಲದಲ್ಲಿ ಮಣೆ ಹಾಕಿ ಕೂತು ತಿನ್ನುವಂಥದ್ದಲ್ಲ."

"ನೀವಾದರೂ ತಿಂತೀರಲ್ಲ ಅಲ್ಲಿ?"

"ಮೇಜಿನವರು ಎದ್ದ ಮೇಲೆ ಉಳಿದರೆ ತಿಂತೇನೆ. ಬಡಿಸುವವನು ಮೊದಲು ತಿಂದರೆ ಅವನ ಕೈಯಲ್ಲಿ ಸೌಟು ಯಾಕೆ?"

ಬಂಗಲೆಯಲ್ಲಿ ಪಪ್ಪ ಕೊನೆಯವರು. ಮನೆಯಲ್ಲಿ ಮಾತ್ರ ಮೊದಲಿನವರು. ಅವರು ಎಷ್ಟು ಹೊತ್ತಿಗೆ ಬಂದರೂ ಅಮ್ಮ ಅವರಿಗೆ ಬಡಿಸಿ, ಅವರು ಕೈ ತೊಳೆದ ಮೇಲೆಯೇ ತನ್ನ ಬಟ್ಟಲು ತೆಗೆಯುತ್ತಿದ್ದಳು. ನಮಗೆ ಹೆಣ್ಣುಮಕ್ಕಳಿಗೆ ನಿದ್ದೆ ಬಂದೀತೆಂದು ಅವಳು ಅದಕ್ಕೂ ಮೊದಲೇ ಬಡಿಸಿಬಿಡುತ್ತಿದ್ದಳು. ಅಂದರೆ ಎಲ್ಲರಿಗಿಂತ ಕೊನೆಗೆ ಉಣ್ಣುವವಳು ಅಮ್ಮನೇ. ಇದನ್ನು ಯಾರೂ ಲೆಕ್ಕ ಹಾಕಿ ನೋಡಿರಲಿಲ್ಲ. ಗಾಳಿ ಬೀಸುತ್ತದೆ, ಅಮ್ಮ ಕೊನೆಗೆ ಉಣ್ಣುತ್ತಾಳೆ, ಅಷ್ಟೇ.

ಐವತ್ತರ ದಶಕದ ಕೊನೆಗೆ ಕಾರ್ಖಾನೆ ಕೈ ಬದಲಾಯಿತು, ದೊರೆ ಊರಿಗೆ ಹೊರಟ. ಬಂಗಲೆಗೆ ಬೀಗ ಬಿತ್ತು. ಪಪ್ಪ ಬಿಳಿ ಕೋಟನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು. ಆಮೇಲೆ ಎರಡು ವರ್ಷ ಮನೆಯ ಹಿಂದೆ ತೊಂಡೆ ಚಪ್ಪರ ಕಟ್ಟಿಕೊಂಡು, ಯಾರದ್ದಾದರೂ ಮದುವೆಯಿದ್ದರೆ ಅಡುಗೆಗೆ ಹೋಗಿಕೊಂಡು ಇದ್ದರು. ಅಷ್ಟರಲ್ಲಿ ಅಕ್ಕಂದಿರಿಬ್ಬರಿಗೂ ಮದುವೆಯಾಗಿತ್ತು, ನಾನು ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಮನೆಯಲ್ಲಿ ನಾವು ಮೂವರೇ. ಒಂದು ಬೆಳಿಗ್ಗೆ ಪಪ್ಪ ಬಾವಿಕಟ್ಟೆಯ ಹತ್ತಿರ ಹಲ್ಲುಜ್ಜುತ್ತಿದ್ದವರು ಹಾಗೆಯೇ ಕುಸಿದರು. ಪಕ್ಷವಾತ. ಬಲಗೈ, ಬಲಗಾಲು ಹೋಯಿತು, ಮಾತು ಹೋಯಿತು. ಬಾಯಿಂದ ಹೊರಡುತ್ತಿದ್ದದ್ದು "ಬಾ... ಬಾ..." ಎಂಬ ಒಂದೇ ಶಬ್ದ. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಹೌದಾದರೆ ಎಡಗೈ ಬೆರಳಿನಿಂದ ಒಮ್ಮೆ ಕುಟ್ಟುತ್ತಿದ್ದರು, ಅಲ್ಲವಾದರೆ ಮುಖ ತಿರುಗಿಸುತ್ತಿದ್ದರು. ಮೊದಲಿನ ಪಪ್ಪ ಒಳಗೆ ಇದ್ದಾರೆ, ಬಾಗಿಲಿನ ಕೀಲಿ ಮಾತ್ರ ಕಳೆದಿದೆ ಎಂದು ನನಗೆ ಅನಿಸುತ್ತಿತ್ತು.

ಅಮ್ಮ ಅವರಿಗೆ ಚಮಚದಲ್ಲಿ ಗಂಜಿ ಉಣ್ಣಿಸುತ್ತಿದ್ದಳು. ಒಂದು ಬಟ್ಟಲು ಗಂಜಿ ಮುಗಿಯಲು ಒಂದು ಗಂಟೆ ಬೇಕು. ಬಾಯಿಯ ಒಂದು ಮಗ್ಗುಲಿನಿಂದ ಇಳಿದು ಹೋದದ್ದನ್ನು ಒರೆಸಿ, ಮತ್ತೆ ಚಮಚ ತುಂಬಿಸಿ, ಮತ್ತೆ ಒರೆಸಿ. ಅದು ಮುಗಿಯುವಾಗ ಅವಳ ಪಾಲಿನ ಗಂಜಿ ತಣ್ಣಗೆ ಕಲ್ಲಾಗಿರುತ್ತಿತ್ತು. ಎಷ್ಟೋ ದಿನ ಅವಳು ತಿಳಿ ಮಾತ್ರ ಬಗ್ಗಿಸಿ ಕುಡಿದು ಪಾತ್ರೆ ತೊಳೆಯಲು ಕೂರುತ್ತಿದ್ದಳು. ನಾನು ಮುಂದಿನ ಕೋಣೆಯಲ್ಲಿ, ಹೊಟ್ಟೆ ತುಂಬಿಸಿಕೊಂಡು, ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದೆ. ಒಂದು ಶುಕ್ರವಾರ ಸಂಜೆ ಉಣ್ಣಿಸುತ್ತಿದ್ದವಳಿಗೆ ಕಣ್ಣಿಗೆ ಕತ್ತಲೆ ಬಂತು. ಚಮಚ ಕೈಯಿಂದ ಬಿತ್ತು, ಅವಳು ಮಂಚದ ಕಾಲು ಹಿಡಿದು ಕೂತಳು. ನಾನು ಓಡಿ ಬಂದು ನೀರು ಕೊಟ್ಟೆ. "ಎಂತ ಇಲ್ಲ, ಸೆಕೆ" ಎಂದಳು.

ಮರುದಿನದಿಂದ ಪಪ್ಪ ಹಲ್ಲು ಕಚ್ಚಿದರು. ಗಂಜಿ ಇಲ್ಲ, ಮೊಟ್ಟೆ ಇಲ್ಲ, ಏನೂ ಇಲ್ಲ. ನೀರು, ಕಾಫಿ ಕೊಟ್ಟರೆ ಎರಡು ಗುಟುಕು. ಅಮ್ಮ ಚಮಚ ಹಿಡಿದರೆ ಎಡಗೈಯಿಂದ ಅದನ್ನು ಅವಳ ಕಡೆಗೇ ತಳ್ಳುತ್ತಿದ್ದರು. ಗಂಜಿಯೆಲ್ಲ ಅವಳ ಸೀರೆಯ ಮೇಲೆ. "ಸಿಟ್ಟು" ಎಂದಳು ಅಮ್ಮ, "ನನ್ನ ಕೈಯಿಂದ ತಿನ್ನಲಿಕ್ಕೆ ಅವರಿಗೆ ಬೇಜಾರು ಬಂತು." ನನಗೂ ಹಾಗೆಯೇ ಕಂಡಿತು. ನಾನು ಉಣ್ಣಿಸಲು ಹೋದೆ. ನನಗೂ ಹಲ್ಲು ಬಿಡಲಿಲ್ಲ.

ಮಂಗಳವಾರ ಡಾಕ್ಟರು ಸೈಕಲ್ಲಿನಲ್ಲಿ ಬಂದರು. ವಯಸ್ಸಾದವರು, ಮಾತು ಕಡಿಮೆ. ನಾಡಿ ಹಿಡಿದರು, ಕೈಯ ಚರ್ಮವನ್ನು ಚಿವುಟಿ ನೋಡಿದರು, ಅಂಗಳಕ್ಕೆ ಬಂದು ನನ್ನೊಡನೆ ಹೇಳಿದರು.

"ನೋಡಿ ಟೀಚರೇ, ಗುರುವಾರ ಬೆಳಿಗ್ಗೆ ನಾನು ಪುನಃ ಬರ್ತೇನೆ. ಅಷ್ಟರೊಳಗೆ ಇವರ ಹೊಟ್ಟೆಗೆ ಏನಾದರೂ ಹೋಗಬೇಕು. ಇಲ್ಲದಿದ್ದರೆ ಆಸ್ಪತ್ರೆಗೆ ಹಾಕಬೇಕು, ಮೂಗಿನಿಂದ ಟ್ಯೂಬು ಬಿಡಬೇಕು. ಈ ಸ್ಥಿತಿಯಲ್ಲಿ ಅದನ್ನು ತಡೆದುಕೊಳ್ತಾರೆ ಅಂತ ನನಗೆ ಧೈರ್ಯ ಇಲ್ಲ. ಅವರಿಗೆ ಇಷ್ಟದ್ದು ಎಂತ ಉಂಟು, ಅದನ್ನು ಮಾಡಿಕೊಡಿ. ಪಥ್ಯಗಿಥ್ಯ ಎಲ್ಲ ಆಮೇಲೆ."

ಒಳಗೆ ಹೋಗಿ ಅಮ್ಮನನ್ನು ಕೇಳಿದೆ, ಪಪ್ಪನಿಗೆ ಇಷ್ಟದ್ದು ಎಂತ? ಮೂವತ್ತು ವರ್ಷ ಬಡಿಸಿದವಳಿಗೆ ಗೊತ್ತಿರಲಿಲ್ಲ. "ಕೊಟ್ಟದ್ದನ್ನು ತಿನ್ನುತ್ತಿದ್ದರು. ಇದು ಬೇಕು ಅದು ಬೇಕು ಅಂತ ಕೇಳಿದವರೇ ಅಲ್ಲ" ಎಂದಳು. ಆಗ ನನಗೆ ಆ ಅಂಗಿಯ ವಾಸನೆ ನೆನಪಾಯಿತು. ಮಂಚದ ಹತ್ತಿರ ಬಗ್ಗಿ, "ಪಪ್ಪಾ, ಬುಧವಾರದ ಮಕ್ರೋನಿ ಮಾಡಲಾ?" ಎಂದೆ. ಅವರು ನನ್ನನ್ನು ನೋಡಿದರು. ಎಡಗೈ ಬೆರಳು ಮಂಚದ ಪಟ್ಟಿಯ ಮೇಲೆ ಒಮ್ಮೆ ಕುಟ್ಟಿತು. ನಾಲ್ಕು ದಿನದಲ್ಲಿ ಅದು ಮೊದಲನೆಯ ಹೌದು. ಮರುದಿನವೇ ಬುಧವಾರ ಆಗಿತ್ತು.

ಈಗ ಹುಡುಗಿಯರು ಇದನ್ನೆಲ್ಲ ಪೊಟ್ಟಣ ಒಡೆದು ಇಪ್ಪತ್ತು ನಿಮಿಷದಲ್ಲಿ ಮಾಡಿ ಎದುರಿಗಿಡುತ್ತಾರೆ. ನನಗೆ ಆ ದಿನ ಶಾಲೆ ಬಿಟ್ಟ ಹೊತ್ತಿನಿಂದ ಒಂದೊಂದೂ ಯುದ್ಧ. ನಮ್ಮ ಕಥೋಲಿಕರಲ್ಲಿ ಬೀಫ್ ಭಾನುವಾರದ ವಸ್ತು. ವಾರದ ನಡುವೆ ಬಂಗುಡೆ, ಬೂತಾಯಿ, ಅದೂ ಇಲ್ಲದಿದ್ದರೆ ಒಣಮೀನು. ಬುಧವಾರ ಸಂಜೆ ಪೇಟೆಯ ಮಾರ್ಕೆಟಿನಲ್ಲಿ ಒಂದೇ ಮಾಂಸದ ಅಂಗಡಿ ತೆರೆದಿತ್ತು. ಅಂಗಡಿಯ ಬ್ಯಾರಿ ಮುದುಕ ನನ್ನನ್ನು ಕಂಡು ಬೆರಗಾದ.

"ಎಂತ ಟೀಚರಮ್ಮ, ಇವತ್ತು ಬುಧವಾರ ಅಲ್ಲವಾ? ಮನೆಯಲ್ಲಿ ಹಬ್ಬ, ಫೆಸ್ತ್ ಎಂತಾದರೂ ಉಂಟಾ?"

"ಪಪ್ಪನಿಗೆ ಹುಷಾರಿಲ್ಲ" ಎಂದೆ.

"ಹುಷಾರಿಲ್ಲದವರಿಗೆ ಬೀಫಾ ಮಾರಾಯ್ತಿ!" ಎಂದವನು ನನ್ನ ಮುಖ ನೋಡಿ ಚೂರಿ ಎತ್ತಿದ. ತೊಡೆಯ ಕಡೆಯ ಮೆತ್ತನೆಯ ತುಂಡು ತೆಗೆದು, ನರ ಬಿಡಿಸಿ, ತೇಗದ ಎಲೆಯಲ್ಲಿ ಕಟ್ಟಿ ಕೊಟ್ಟ.

ಮಕ್ರೋನಿ ಸಿಗಲಿಲ್ಲ. ದೊರೆಗಳಿಗೆ ಸಾಮಾನು ಒದಗಿಸುತ್ತಿದ್ದ ಅಂಗಡಿಯೊಂದಿತ್ತು, ಅಲ್ಲಿ ಕೇಳಿದರೆ, "ದೊರೆಗಳೇ ಇಲ್ಲ, ಇನ್ನು ಮಕ್ರೋನಿ ಯಾರು ತಿನ್ನುತ್ತಾರೆ?" ಎಂದು ನನ್ನನ್ನೇ ಪ್ರಶ್ನೆ ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟನ್ನು ಬೇಯಿಸಿ ಬಡಿಸಲಾಗುವುದಿಲ್ಲವಲ್ಲ. ಮೈದಾ ತಂದೆ. ಮನೆಯಲ್ಲಿ ಅಕ್ಕಿಯ ಶೇವಿಗೆ ಒತ್ತುವ ಮರದ ಒರಳಿತ್ತು. ಮೈದಾಕ್ಕೆ ಮೊಟ್ಟೆ ಹಾಕಿ ನಾದಿದೆ. ಅಮ್ಮ ಕೆಳಗೆ ತಟ್ಟೆ ಹಿಡಿದು ಕೂತಳು, ನಾನು ಮೇಲಿನ ಹಿಡಿಯನ್ನು ಒತ್ತಿದೆ. ಹಬ್ಬದ ಶೇವಿಗೆಗೆ ಒತ್ತುತ್ತಿದ್ದವರು ಪಪ್ಪ. ಅವರು ಒತ್ತಿದರೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ನನ್ನ ಎರಡೂ ಕಾಲು ನೆಲದಿಂದ ಮೇಲೆದ್ದರೂ ಹಿಟ್ಟು ಇಳಿಯಲಿಲ್ಲ. ಕೊನೆಗೆ ಅಮ್ಮನೂ ಎದ್ದು ಬಂದು ಇಬ್ಬರೂ ನೇತಾಡಿದೆವು. ಅಂತೂ ನೂಲಿನಂಥ ಏನೋ ಒಂದು ಬಿತ್ತು. ಪಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಅಡುಗೆಮನೆಯ ಬಾಗಿಲಿಗೆ ಎಳೆದು ತಂದಿದ್ದೆ. ಅವರು ನಮ್ಮನ್ನು ನೋಡುತ್ತಿದ್ದರು. ಬಾಯಿಯ ಎಡ ಮಗ್ಗುಲು ಸ್ವಲ್ಪ ಮೇಲೆ ಹೋಯಿತು. ನಗು ಎಂದುಕೊಂಡೆ, ಅಲ್ಲದಿದ್ದರೂ ಹಾಗೆಂದುಕೊಂಡೆ.

ಚೀಸ್ ಮಾತ್ರ ಸುಲಭಕ್ಕೆ ಸಿಕ್ಕಿತು. ಆ ಕಾಲದಲ್ಲಿ ಬಡವರಿಗೆ ಹಂಚಲೆಂದು ಇಗರ್ಜಿಗೆ, ಅಂದರೆ ಚರ್ಚಿಗೆ, ಅಮೆರಿಕದಿಂದ ಹಾಲಿನ ಪುಡಿಯೂ ಚೀಸಿನ ಡಬ್ಬಿಯೂ ಬರುತ್ತಿದ್ದವು. ಹಾಲಿನ ಪುಡಿಗೆ ನೂಕುನುಗ್ಗಲು. ಚೀಸನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯದು. ಒಬ್ಬರು ಅದನ್ನು ಮೀನಿನ ಸಾರಿಗೆ ಹಾಕಿ ಮೂರು ದಿನ ಪಾತ್ರೆ ತಿಕ್ಕಿದರಂತೆ. ನಮ್ಮ ಪಕ್ಕದ ಮನೆಯವರು ತಮ್ಮ ಡಬ್ಬಿಯನ್ನು ಬಾಗಿಲು ಗಾಳಿಗೆ ಬಡಿಯದಂತೆ ಒತ್ತಿಗೆ ಇಟ್ಟಿದ್ದರು. ಹೋಗಿ ಕೇಳಿದೆ. "ತಗೊಂಡು ಹೋಗು, ಬಾಗಿಲಿಗೆ ಕಲ್ಲು ಇಡ್ತೇನೆ" ಎಂದು ಕೊಟ್ಟರು. ಡಬ್ಬಿ ಒಡೆದರೆ ಒಳಗೆ ಬಟ್ಟೆ ಸೋಪಿನಂತೆ ಗಟ್ಟಿಯಾದ ಹಳದಿ ಮುದ್ದೆ.

ಅಡುಗೆ ಗೊತ್ತಿದ್ದವರು ಮನೆಯಲ್ಲಿ ಒಬ್ಬರೇ, ಅವರಿಗೆ ಮಾತಿಲ್ಲ. ನಾನು ಆ ಪದಾರ್ಥವನ್ನು ಜನ್ಮದಲ್ಲಿ ತಿಂದವಳಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಬಂಗಲೆಯ ಹಿಂದಿನ ಬಾಗಿಲಿನಲ್ಲಿ ನಿಂತು ನೋಡಿದ್ದೆ, ಅಷ್ಟೇ. ಹಾಗಾಗಿ ಒಂದೊಂದನ್ನೂ ಎತ್ತಿ ಹಿಡಿದು ಕೇಳುತ್ತ ಹೋದೆ. "ನೀರುಳ್ಳಿ?" ಬೆರಳು ಕುಟ್ಟಿತು. "ಬೆಳ್ಳುಳ್ಳಿ?" ಕುಟ್ಟಿತು. "ಶುಂಠಿ?" ಮುಖ ತಿರುಗಿತು. "ಬೀಫ್ ಮೊದಲು ಬೇಯಿಸುವುದಾ?" ತಿರುಗಿತು. "ಹಾಗಾದರೆ ಹುರಿಯುವುದಾ?" ಕುಟ್ಟಿತು. ಎರಡು ಚೂರಿ ಹಿಡಿದು ಬೀಫನ್ನು ಕೊಚ್ಚಿ ಕೊಚ್ಚಿ ಹುಡಿ ಮಾಡಿ, ನೀರುಳ್ಳಿಯೊಡನೆ ಹುರಿದೆ. ಇನ್ನೊಂದು ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ ಮೈದಾ ಹಾಕಿ ಕಲಸಿ ಹಾಲು ಹೊಯ್ದೆ. ಮೊದಲನೆಯ ಸಲ ಗಂಟು ಗಂಟಾಯಿತು. ಪಪ್ಪ "ಬಾ! ಬಾ!" ಎಂದು ಕೂಗಿ ಎಡಗೈಯನ್ನು ಗಾಳಿಯಲ್ಲಿ ನಿಧಾನವಾಗಿ ತಿರುಗಿಸಿ ತೋರಿಸಿದರು. ಹಾಲನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು, ಕೈ ನಿಲ್ಲಿಸಬಾರದು. ಎರಡನೆಯ ಸಲ ಸರಿಯಾಯಿತು. ಆ ಅರ್ಧ ಗಂಟೆ ನಾವಿಬ್ಬರೂ ಸುಖವಾಗಿದ್ದೆವು ಎಂದರೆ ಯಾರೂ ನಂಬಲಿಕ್ಕಿಲ್ಲ. ನಾನೆಂದೂ ಅವರ ಕೈಕೆಳಗೆ ಅಡುಗೆ ಕಲಿತವಳಲ್ಲ, ಆಗ ಕಲಿಯುತ್ತಿದ್ದೆ.

ಅಮ್ಮನಿಗೆ ಈ ಅಡುಗೆ ಆರಂಭದಿಂದಲೇ ಹಿಡಿಸಿರಲಿಲ್ಲ. ನಮ್ಮಲ್ಲಿ ಬೀಫ್ ಎಂದರೆ ಮೆಣಸು ಕೊತ್ತಂಬರಿಯ ಬಫಾತ್ ಪುಡಿ ಹಾಕಿ ಕೆಂಪಗೆ ಕುದಿಯಬೇಕು. ಇದು ಬೆಳ್ಳಗೆ ಬಾಣಂತಿಯ ಮದ್ದಿನಂತೆ ಕುದಿಯುತ್ತಿತ್ತು. "ಸ್ವಲ್ಪ ಬಫಾತ್ ಪುಡಿ ಹಾಕುವಾ" ಎಂದಳು. ಪಪ್ಪ ಎರಡು ಸಲ ಮುಖ ತಿರುಗಿಸಿದರು. "ಬೇಡ ಅಂತಾರೆ ಮಾಂಯ್" ಎಂದೆ. ಅವಳು ಪುಡಿಯ ಭರಣಿಯನ್ನು ಕೆಳಗಿಟ್ಟಳು. ಬೇಯಿಸಿ ಬಸಿದ ಶೇವಿಗೆ, ಬೀಫ್, ಬಿಳಿ ರಸ ಎಲ್ಲವನ್ನೂ ಬೆರೆಸಿ, ಮೇಲೆ ಚೀಸ್ ತುರಿದು ಹರಡಿ, ಮುಚ್ಚಳದ ಮೇಲೂ ಕೆಂಡ ಹಾಕಿ ಇಟ್ಟೆ. ಇಗರ್ಜಿಯಲ್ಲಿ ಸಂಜೆಯ ಗಂಟೆ ಹೊಡೆಯಿತು.

ಗಂಟೆಯಾದ ಮೇಲೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ಅದು ಮುಗಿಯದೆ ನಮ್ಮ ಮನೆಯಲ್ಲಿ ಊಟವಿಲ್ಲ. ನಾನು ಬಾಯಲ್ಲಿ ಪ್ರಾರ್ಥನೆ ಹೇಳುತ್ತಿದ್ದೆ, ಮೂಗೆಲ್ಲ ಅಡುಗೆಮನೆಯಲ್ಲಿತ್ತು. ಹಳೆಯ ವಾಸನೆ ಬರುತ್ತಿತ್ತು. ಅದೇ ಅಂಗಿಯ ವಾಸನೆ. ನಾನು ಸಾಧಿಸಿದೆ ಎಂದುಕೊಂಡೆ. ಪ್ರಾರ್ಥನೆ ಮುಗಿದ ಮೇಲೆ ಕಾಪಿ ತಿದ್ದುವ ನನ್ನ ಮೇಜನ್ನು ಅಡುಗೆಮನೆಗೆ ತಂದು, ಇಸ್ತ್ರಿ ಮಾಡಿದ ಬಿಳಿ ಚಾದರ ಹಾಸಿದೆ. ಮೇಜಿನ ಅಡುಗೆಯಲ್ಲವೇ, ಮೇಜಿನಲ್ಲೇ ಆಗಲಿ. ಪಪ್ಪನನ್ನು ಮೇಜಿಗೆ ಕೂರಿಸಿ, ಕೊರಳಿಗೆ ಟವೆಲ್ಲು ಕಟ್ಟಿ, ಪಾತ್ರೆಯ ಮುಚ್ಚಳ ತೆಗೆದೆ. ಮೇಲೆ ಕಂದು ಬಣ್ಣದ ಹಕ್ಕಳೆ ಕಟ್ಟಿತ್ತು. ಚಮಚ ಎತ್ತಿದರೆ ಚೀಸ್ ನೂಲು ನೂಲಾಗಿ ಬಂತು. ಅಮ್ಮ ಎದುರಿಗೆ, ಗೋಡೆಯ ಕಪಾಟಿಗೆ ಬೆನ್ನು ಕೊಟ್ಟು, ಕೈಕಟ್ಟಿ ನಿಂತಿದ್ದಳು.

ಚಮಚವನ್ನು ಬಾಯಿಯ ಹತ್ತಿರ ಹಿಡಿದೆ. ಪಪ್ಪ ಅದನ್ನು ನೋಡಿದರು, ಮೂಸಿದರು. ಆಮೇಲೆ ಹಲ್ಲು ಕಚ್ಚಿದರು.

"ಪಪ್ಪಾ, ನೀವೇ ಹೌದು ಅಂದದ್ದಲ್ಲವಾ?"

ಬೆರಳು ಕುಟ್ಟಿತು. ಹೌದು. ಆದರೆ ಬಾಯಿ ತೆರೆಯಲಿಲ್ಲ. ಎಡಗೈಯ ಐದು ಬೆರಳನ್ನೂ ಕೂಡಿಸಿ ತನ್ನ ಬಾಯಿಗೆ ಮುಟ್ಟಿಸಿದರು, ಮತ್ತೆ ತೋರುಬೆರಳನ್ನು ಎದುರಿಗೆ ಚಾಚಿದರು. ಬಾಯಿ, ಕಪಾಟು. ಬಾಯಿ, ಕಪಾಟು. ನನಗೆ ಅರ್ಥವಾಯಿತು: ರುಚಿಗೆ ಏನೋ ಕಡಿಮೆಯಾಗಿದೆ, ಅದು ಕಪಾಟಿನಲ್ಲಿದೆ. ಬಟ್ಲರ್ ಅಲ್ಲವೇ, ಮೂಸಿಯೇ ಗೊತ್ತಾಗಿರಬೇಕು. "ಉಪ್ಪಾ?" ಎಂದು ಅಮ್ಮನನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ಉಪ್ಪಿನ ಭರಣಿ ತೆಗೆದೆ. ಮುಖ ತಿರುಗಿತು. "ಕಾಳುಮೆಣಸಾ?" ತಿರುಗಿತು. ಜಾಯಿಕಾಯಿ, ಸಕ್ಕರೆ, ದಾಲ್ಚಿನ್ನಿ, ಶೇಂದಿಯ ವಿನಿಗರ್. ಒಂದೊಂದೇ ಬಾಟ್ಲಿ, ಒಂದೊಂದೇ ಡಬ್ಬ ಮೇಜಿನ ಮೇಲೆ ಬಂದು ಕೂತಿತು. ಪಪ್ಪನ "ಬಾ, ಬಾ" ಜೋರಾಗುತ್ತ ಹೋಯಿತು. ಬಾಯಿ, ಕಪಾಟು. ಬಾಯಿ, ಕಪಾಟು. ಕಣ್ಣಲ್ಲಿ ನೀರು ತುಂಬಿತು. ಕೈ ಮೇಜಿಗೆ ಅಪ್ಪಳಿಸಿ ವಿನಿಗರ್ ಬಾಟ್ಲಿ ಉರುಳಿತು.

ಮೇಜಿನ ಮೇಲೆ ಮಕ್ರೋನಿ ಆರುತ್ತಿತ್ತು. ನೂಲಾಗಿದ್ದ ಚೀಸ್ ಮತ್ತೆ ಗಟ್ಟಿಯಾಗತೊಡಗಿತ್ತು. ಬೆಳಿಗ್ಗೆ ಡಾಕ್ಟರು ಬರುತ್ತಾರೆ.

"ಎಂತ ಬೇಕು ಪಪ್ಪಾ, ಎಂತ ಬೇಕು ನಿಮಗೆ?" ಎಂದು ಕಿರುಚಿದೆ. ಮಾತು ಬಾರದ ಮನುಷ್ಯನನ್ನು ಮಾತಾಡಿ ಎಂದು ಗದರಿಸುವವಳು ನಾನೊಬ್ಬಳೇ ಇರಬೇಕು.

ಆಗ ಅಮ್ಮ ಮೆಲ್ಲಗೆ ಹೇಳಿದಳು: "ನಾನು ಒಂದು ಚಿಟಿಕೆ ಬಫಾತ್ ಪುಡಿ ಹಾಕಿದ್ದೆ."

"ಎಂತ?"

"ನೀನು ಚೀಸ್ ತುರಿಯುವಾಗ. ಒಂದೇ ಚಿಟಿಕೆ. ಬಾಯಿಗೆ ಒಂದಿಷ್ಟು ರುಚಿ ಬರಲಿ ಅಂತ."

ನಾನು ಅವಳಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ನಿನ್ನಿಂದಲೇ ಅವರು ಆಸ್ಪತ್ರೆಗೆ ಹೋಗುವುದು ಎಂದದ್ದು ಮಾತ್ರ ನೆನಪಿದೆ, ಮರೆಯಬೇಕೆಂದರೂ ಮರೆಯುವುದಿಲ್ಲ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಪಾಟಿನ ಹತ್ತಿರದಿಂದ ಒಲೆಯ ಕಡೆಗೆ ಹೋಗಿ, ನಮಗೆ ಬೆನ್ನು ಹಾಕಿ ನಿಂತಳು.

ಪಪ್ಪನ ಬೆರಳು ಅವಳ ಜೊತೆಗೇ ಹೋಯಿತು.

ಕಪಾಟಿನ ಕಡೆ ಚಾಚಿದ್ದ ಬೆರಳು ಈಗ ಒಲೆಯ ಕಡೆ ಚಾಚಿತ್ತು. ಕಪಾಟಿನ ಮುಂದೆ ಯಾರೂ ಇರಲಿಲ್ಲ, ಬೆರಳೂ ಇರಲಿಲ್ಲ. ನಾನು ಕಪಾಟನ್ನು ನೋಡಿದೆ, ಒಲೆಯನ್ನು ನೋಡಿದೆ. ಪಪ್ಪ ಐದು ಬೆರಳನ್ನೂ ಕೂಡಿಸಿ ಬಾಯಿಗೆ ಮುಟ್ಟಿಸಿ, ಮತ್ತೆ ಅಮ್ಮನ ಬೆನ್ನನ್ನು ತೋರಿಸಿದರು. ಕಪಾಟಿನಲ್ಲಿದ್ದದ್ದನ್ನೆಲ್ಲ ನಾನು ಕೆಳಗಿಳಿಸಿದ್ದೆ. ಅದರ ಮುಂದೆ ನಿಂತವಳನ್ನು ಮಾತ್ರ ಅಡ್ಡಿಯೆಂದು ಪಕ್ಕಕ್ಕೆ ಸರಿಸಿದ್ದೆ.

"ಮಾಂಯ್ ತಿನ್ನಬೇಕಾ ಪಪ್ಪಾ? ಮೊದಲು ಮಾಂಯ್ ತಿನ್ನಬೇಕಾ?"

ಬೆರಳು ಮೇಜಿಗೆ ಕುಟ್ಟಿತು. ಒಮ್ಮೆಯಲ್ಲ, ಕುಟ್ಟುತ್ತಲೇ ಇತ್ತು.

ಶುಕ್ರವಾರ ಅಮ್ಮನ ಕೈಯಿಂದ ಬಿದ್ದ ಚಮಚ, ಮರುದಿನದಿಂದ ಅವಳ ಕಡೆಗೇ ತಳ್ಳುತ್ತಿದ್ದ ಚಮಚ, ಅವಳ ಸೀರೆಯ ಮೇಲಿನ ಗಂಜಿ ಎಲ್ಲ ಒಮ್ಮೆಗೇ ನನ್ನ ತಲೆಗೆ ಬಂದವು. ಐದು ದಿನ ಆ ಮನುಷ್ಯ ಒಂದೇ ಮಾತನ್ನು ಹೇಳುತ್ತಿದ್ದರು. ನಾವು ಅದಕ್ಕೆ ಸಿಟ್ಟು ಎಂದು ಹೆಸರಿಟ್ಟಿದ್ದೆವು. ಅವರು ತಿನ್ನಲಿಲ್ಲವೆಂದು ಅಮ್ಮನೂ ಆ ಐದು ದಿನ ಸರಿಯಾಗಿ ತಿಂದಿರಲಿಲ್ಲ; ಅವಳು ತಿನ್ನಲಿಲ್ಲವೆಂದು ಅವರು ತಿನ್ನಲಿಲ್ಲ. ನಡುವೆ ನಾನೊಬ್ಬಳು ಮೂರು ಹೊತ್ತೂ ಉಂಡಿದ್ದೆ.

ಅರ್ಥವಾದ ಮೇಲೆ ಎಲ್ಲ ಸುಲಭವಾಗುತ್ತದೆ ಎಂದುಕೊಂಡಿದ್ದರೆ ನನಗೆ ನನ್ನ ಅಮ್ಮ ಗೊತ್ತಿರಲಿಲ್ಲ ಎಂದೇ ಅರ್ಥ. ತಟ್ಟೆಗೆ ಬಡಿಸಿ ಕುರ್ಚಿ ಎಳೆದು, "ಕೂತುಕೋ ಮಾಂಯ್, ತಿನ್ನು" ಎಂದೆ. ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು.

"ಅವರು ತಿನ್ನದೆ ನಾನಾ?"

"ಅವರೇ ಹೇಳ್ತಿದ್ದಾರೆ."

"ಹಸಿದ ಮನುಷ್ಯನ ಎದುರು ಕೂತು ನಾನು ಹೇಗೆ ನುಂಗಲಿ? ನನ್ನಿಂದ ಆಗುವುದಿಲ್ಲ ಮಗಾ. ಮೂವತ್ತು ವರ್ಷದಲ್ಲಿ ಒಂದು ದಿನ ನಾನು ಹಾಗೆ ಮಾಡಿದವಳಲ್ಲ."

"ನೀನು ನುಂಗದಿದ್ದರೆ ಅವರು ನಾಳೆ ಇರುವುದಿಲ್ಲ!"

ಆ ಮಾತಿಗೆ ಅವಳು ಕೂತಳು. ಆ ಮನೆಯಲ್ಲಿ ಅವಳು ಕುರ್ಚಿಯಲ್ಲಿ ಕೂತು ಉಂಡದ್ದು ಅದೇ ಮೊದಲು. ಚಮಚ ಹಿಡಿಯಲು ಬಾರದೆ ಕೈಯಿಂದಲೇ ಒಂದು ತುತ್ತು ಮಾಡಿದಳು, ಬಾಯಿಯ ತನಕ ತಂದು ನಿಲ್ಲಿಸಿದಳು. ಪಪ್ಪ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿ ತುತ್ತನ್ನು ಬಾಯಿಗೆ ಹಾಕಿಕೊಂಡಳು. ಅಗಿಯುವಾಗ ಅವಳ ಭುಜ ಅಲ್ಲಾಡುತ್ತಿತ್ತು. ನುಂಗಿದಳೋ ಇಲ್ಲವೋ, ಬೆರಳು ಕುಟ್ಟಿತು: ಇನ್ನೊಂದು. ಕಣ್ಣೀರು ಇಳಿದು ತಟ್ಟೆಗೆ ಬೀಳುತ್ತಿತ್ತು, ಅವಳು ತಿನ್ನುತ್ತಿದ್ದಳು. ನಾನು ಮಧ್ಯೆ ನಿಂತು, ಯಾರ ಕಣ್ಣು ಒರೆಸುವುದೆಂದು ತಿಳಿಯದೆ, ಟವೆಲ್ಲನ್ನು ಹಿಂಡುತ್ತಿದ್ದೆ.

ತಟ್ಟೆ ಅರ್ಧ ಖಾಲಿಯಾದಾಗ ಪಪ್ಪ ಅವಳನ್ನೇ ನೋಡುತ್ತ ಹುಬ್ಬು ಎತ್ತಿದರು. ಬಂಗಲೆಯಲ್ಲಿ ದೊರೆಸಾನಿಯ ಕುರ್ಚಿಯ ಹಿಂದೆ ನಿಂತು ಹೀಗೆಯೇ ಕೇಳುತ್ತಿದ್ದರೋ ಏನೋ: ಹೇಗಾಗಿದೆ? ಅಮ್ಮ ಮೂಗು ಒರೆಸಿಕೊಂಡು, ಸುಳ್ಳು ಹೇಳಲು ಬಾರದವಳು, ನಿಜವನ್ನೇ ಹೇಳಿದಳು.

"ಸಪ್ಪೆ. ಬಫಾತ್ ಪುಡಿ ಇನ್ನೂ ಒಂದು ಚಮಚ ಬೇಕಿತ್ತು."

ಪಪ್ಪನ ಗಂಟಲಿನಿಂದ ಒಂದು ಶಬ್ದ ಬಂತು. ಈ ಸಲ ಅದು ನಗುವೇ, ನಾನು ಅಂದುಕೊಂಡದ್ದಲ್ಲ. ನಗುತ್ತಿದ್ದ ಬಾಯಿ ತೆರೆದೇ ಇತ್ತು. ನಾನು ಚಮಚ ಹಾಕಿದೆ. ನುಂಗಿದರು. ಐದು ಚಮಚ ತಿಂದರು. ಆರನೆಯದಕ್ಕೆ ಮುಖ ತಿರುಗಿಸಿ, ಪಾತ್ರೆಯ ತಳವನ್ನು ತೋರಿಸಿದರು. ತಳಕ್ಕೆ ಹಿಡಿದ ಹಕ್ಕಳೆಯನ್ನು ಕೆರೆದು ಕೊಟ್ಟೆ, ಅದನ್ನೂ ತಿಂದರು. ಆಮೇಲೆ ನಾನೂ ಒಂದು ತುತ್ತು ತಿಂದು ನೋಡಿದೆ. ಹತ್ತನೆಯ ವಯಸ್ಸಿನಿಂದ ಮೂಸಿದ ಪದಾರ್ಥ. ಅಮ್ಮ ಹೇಳಿದ್ದು ಸರಿ, ಸಪ್ಪೆಯೇ ಇತ್ತು.

ಗುರುವಾರ ಡಾಕ್ಟರು ಬಂದು, ಟ್ಯೂಬು ಬೇಡ ಎಂದರು. ಪಪ್ಪ ಮತ್ತೆ ಎಂಟು ತಿಂಗಳು ಇದ್ದರು. ಮಾತು ಬರಲಿಲ್ಲ, ಕೈ ಬರಲಿಲ್ಲ, ಹಿಡಿದ ಹಟ ಮಾತ್ರ ಬಿಡಲಿಲ್ಲ. ಪ್ರತಿ ದಿನ ಅಮ್ಮ ಅವರ ಎದುರು ಕೂತು ಮೊದಲು ಉಣ್ಣಬೇಕು. ಅವಳು ಅಂಗಳದ ಬಾಗಿಲನ್ನು ಹಾಕಿ ಬಂದು ಕೂರುತ್ತಿದ್ದಳು. ಗಂಡನಿಗಿಂತ ಮೊದಲು ಉಣ್ಣುವುದನ್ನು ನೆರೆಯವರು ನೋಡಿದರೆ ಏನು ಹೇಳಿಯಾರು ಎಂಬ ಭಯ. ಎಂಟು ತಿಂಗಳಲ್ಲಿ ಒಂದು ದಿನವೂ ಅವಳಿಗೆ ಅದು ಅಭ್ಯಾಸವಾಗಲಿಲ್ಲ. ಪ್ರತಿ ಸಲವೂ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದಳು. ಆದರೂ ಅವಳ ಕೆನ್ನೆ ಸ್ವಲ್ಪ ತುಂಬಿತು. ಪಪ್ಪ ಕರಗುತ್ತ ಹೋದರು.

ಅವರನ್ನು ಮಣ್ಣು ಮಾಡಿ ಬಂದ ಸಂಜೆ ನಮ್ಮ ಒಲೆ ಉರಿಯಲಿಲ್ಲ. ಸಾವಿನ ಮನೆಯಲ್ಲಿ ಅಡುಗೆಯಿಲ್ಲ, ನೆರೆಯವರೇ ತರುತ್ತಾರೆ. ಚೀಸಿನ ಡಬ್ಬಿ ಕೊಟ್ಟಿದ್ದ ಪಕ್ಕದ ಮನೆಯವರು ಗಂಜಿ, ಒಣಮೀನಿನ ಚಟ್ನಿ ತಂದಿಟ್ಟು ಹೋದರು. ಅಕ್ಕಂದಿರು ಎಷ್ಟು ಹೇಳಿದರೂ ಅಮ್ಮ ಬಟ್ಟಲನ್ನು ಮುಟ್ಟಲಿಲ್ಲ. ಬಟ್ಟಲಿನ ಎದುರು ಕೂತು ಪಪ್ಪನ ಕುರ್ಚಿಯನ್ನು ನೋಡುತ್ತಿದ್ದಳು. ಅಕ್ಕಂದಿರು ಸೋತು ಹೊರಗೆ ಹೋದರು. ನನಗೂ ಬೇರೆ ಏನೂ ತೋಚಲಿಲ್ಲ. ಅವಳೆದುರು ಕೂತು ಐದು ಬೆರಳನ್ನೂ ಕೂಡಿಸಿ ನನ್ನ ಬಾಯಿಗೆ ಮುಟ್ಟಿಸಿದೆ, ಮತ್ತೆ ತೋರುಬೆರಳನ್ನು ಅವಳ ಕಡೆಗೆ ಚಾಚಿದೆ.

ಅವಳು ನನ್ನ ಬೆರಳನ್ನು ನೋಡಿದಳು. ಬಟ್ಟಲನ್ನು ಎರಡೂ ಕೈಯಿಂದ ಎತ್ತಿ ನನ್ನ ಮುಂದಿಟ್ಟಳು.

"ನೀನು ಮೊದಲು ಉಣ್ಣು ಮಗಾ" ಎಂದಳು.

ನಾನು ಉಂಡೆ.